ಮನೆಯಲ್ಲಿ ಮಾಡದ ಪುಟ

ನನ್ನ ಅಕ್ಕನ ಕೈಗೆ ಸಿಕ್ಕ ಮಗು ಓದು ಬರದೆ ಮುಂದಿನ ಕ್ಲಾಸಿಗೆ ಹೋದದ್ದಿಲ್ಲ ಎಂದು ಶಾಲೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳುವವರಲ್ಲಿ ನಾನೂ ಒಬ್ಬಳು, ಏಕೆಂದರೆ ನನಗೆ ಅಕ್ಷರ ಕಲಿಸಿದವಳೂ ಅವಳೇ. ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ನನ್ನ ಬೆರಳು ಹಿಡಿದು ತಿದ್ದಿಸಿ, ತಪ್ಪಿದಾಗಲೆಲ್ಲ ತಲೆಗೊಂದು ಮೊಟಕುತ್ತಿದ್ದಳು. ನನ್ನ ತಲೆ ಗಟ್ಟಿಯಾದದ್ದು ಹಾಗೆ. ಈ ವರ್ಷ ಅವಳ ಶಾಲೆಗೇ ನನ್ನನ್ನು ಹಾಕಿದಾಗ, ಅದೂ ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಓದಿಸುವ ಕೆಲಸಕ್ಕೆ, ನನಗೆ ನಗು ಬಂದಿತ್ತು. ಅಕ್ಕ ಇರುವ ಕಡೆ ನನಗೇನು ಕೆಲಸ ಎಂದುಕೊಂಡಿದ್ದೆ.

ನನಗೆ ಕೊಟ್ಟದ್ದು ಮೆಟ್ಟಿಲ ಕೆಳಗಿನ ಕೋಣೆ. ಮೊದಲು ಅಲ್ಲಿ ಕಾಲು ಮುರಿದ ಬೆಂಚು, ಗಾಳಿ ಹೋದ ಚೆಂಡು ತುಂಬಿದ್ದರಂತೆ. ಒಂದು ಕಡೆ ಸೂರು ಇಳಿಜಾರು. ಮಕ್ಕಳಿಗೆ ಸರಿಹೋಗುತ್ತದೆ, ನನಗೆ ದಿನಕ್ಕೊಂದು ಪೆಟ್ಟು ಖಾತ್ರಿ. ಒಂದು ಮೇಜು, ಸುತ್ತ ಕುಳ್ಳ ಕುರ್ಚಿಗಳು, ಒಂದು ಕಿಟಕಿ. ಕಿಟಕಿಯಾಚೆ ಅಂಗಳ, ಅಂಗಳದಾಚೆ ಅಕ್ಕನ ಮೂರನೇ ಕ್ಲಾಸು. ಈ ಕೋಣೆಗೆ ಮೂರನೇ ಕ್ಲಾಸಿನವರೆಗಿನ ಮಕ್ಕಳನ್ನು ಮಾತ್ರ ಸೇರಿಸಬಹುದು. ನಾಲ್ಕಕ್ಕೆ ಹೋದ ಮೇಲೆ ಎಲ್ಲರಿಗೂ ಓದು ಬಂದೇ ಬಂದಿರುತ್ತದೆ ಎಂದು ಲೆಕ್ಕ, ಬರದಿದ್ದರೆ ಅದು ಮಗುವಿನ ಹಣೆಬರಹ. ಈ ನಿಯಮ ಮಾಡಿದ ಮಹಾನುಭಾವರು ಯಾರೋ, ಅವರನ್ನು ಹಿಡಿದು ತಂದು ಒಂದು ವಾರ ನಾಲ್ಕನೇ ಕ್ಲಾಸಿಗೆ ಪಾಠ ಮಾಡಿಸಬೇಕು.

ಬಾಡಿಗೆಗೆ ಎಲ್ಲಾದರೂ ಜಾಗ ಸಿಗುವವರೆಗೆ ನಾನು ಅಕ್ಕನ ಮನೆಯಲ್ಲೇ ಇದ್ದೆ. ಮನೆಯಲ್ಲಿ ಅಕ್ಕ, ಭಾವ, ಅವರ ಒಬ್ಬಳೇ ಮಗಳು. ಮಗಳನ್ನು ಮನೆಮಂದಿಯೆಲ್ಲ ಪಿಟೀಲು ಎಂದೇ ಕರೆಯುವುದು. ಹುಟ್ಟಿದಾಗ ಅವಳ ಅಳು ಅಷ್ಟು ಸಣ್ಣ ದನಿಯಲ್ಲಿ ಅಷ್ಟು ಉದ್ದಕ್ಕೆ ಎಳೆಯುತ್ತಿತ್ತಂತೆ. ಈಗ ಅಳು ನಿಂತು ಮಾತು ಶುರುವಾಗಿದೆ. ಒಂದು ಸಲ ಕೇಳಿದ ಕಥೆಯನ್ನು ತಿಂಗಳಾದ ಮೇಲೂ ಇದ್ದದ್ದು ಇದ್ದ ಹಾಗೇ ಹೇಳುತ್ತಾಳೆ. ಪಕ್ಕದ ಮನೆಯವರು ಜಗಳವಾಡಿದ್ದನ್ನು ಎರಡೂ ಕಡೆಯ ದನಿ ತೆಗೆದು ಒಪ್ಪಿಸುತ್ತಾಳೆ. ಮೂರನೇ ಕ್ಲಾಸು ಶಾಲೆಯಲ್ಲಿ ಇದ್ದದ್ದೇ ಒಂದು, ಹಾಗಾಗಿ ಅವಳು ಅಮ್ಮನ ಕ್ಲಾಸಿನಲ್ಲೇ ಕೂರಬೇಕಾಯಿತು. ಅದಕ್ಕೆ ಅಕ್ಕ ಮೊದಲ ದಿನವೇ ಒಂದು ಕಟ್ಟುಪಾಡು ಹಾಕಿದ್ದಳು: ಮನೆಯಲ್ಲಿ ಅಮ್ಮ, ಶಾಲೆಯ ಗೇಟು ದಾಟಿದ ಮೇಲೆ ಟೀಚರ್. ಪಿಟೀಲು ಒಂದು ದಿನವೂ ತಪ್ಪಿದ್ದಿಲ್ಲ. ಆಟದಲ್ಲಿ ಬಿದ್ದು ಮೊಣಕಾಲು ಕಿತ್ತುಹೋದಾಗಲೂ "ಟೀಚರ್, ಟೀಚರ್" ಎಂದು ಅತ್ತುಕೊಂಡು ಓಡಿದಳು. ಅದನ್ನು ಅಕ್ಕ ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಿದ್ದಳು. ನನಗೆ ಅದು ಸರಿ ಕಂಡಿರಲಿಲ್ಲ, ಆದರೆ ಬಿಟ್ಟಿ ಊಟ ಮಾಡುವವಳು ಬಾಯಿ ಮುಚ್ಚಿಕೊಂಡಿರಬೇಕು.

ಸಂಜೆ ಚಹಾ ಆದ ಮೇಲೆ ಅಕ್ಕ ಮಗಳನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ನನ್ನ ಮಂಚ ಗೋಡೆಯ ಈಚೆ. ಒಂದೇ ಪುಟ, ಮತ್ತೆ ಮತ್ತೆ. ಅಕ್ಕ ಒಂದು ಸಾಲು ಹೇಳುವುದು, ಪಿಟೀಲು ಅದನ್ನೇ ತಿರುಗಿ ಹೇಳುವುದು. ನಡುವೆ ಅಕ್ಕನ ದನಿ ಏರುವುದು, ಮೇಜಿಗೆ ಅಂಗೈ ಬಡಿದ ಸದ್ದು, ಆಮೇಲೆ ಇಬ್ಬರೂ ಸುಮ್ಮನಾಗುವುದು, ಮತ್ತೆ ಮೊದಲಿನಿಂದ ಶುರು. ಭಾವ ಆ ಹೊತ್ತಿಗೆ ಸರಿಯಾಗಿ ಟಿವಿಯ ದನಿ ಜಾಸ್ತಿ ಮಾಡುತ್ತಿದ್ದರು. ಅವರಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಲೋಕದ ತೊಂದರೆಯೆಲ್ಲ ಕಣ್ಣಿನಿಂದಲೇ ಎಂದು ನಂಬಿದವರು. ಮಗಳ ಕಣ್ಣನ್ನು ಅಂಗಡಿಯಲ್ಲಿ ಎಷ್ಟು ಸಲ ಪರೀಕ್ಷೆ ಮಾಡಿಸಿದ್ದಾರೋ ಲೆಕ್ಕವಿಲ್ಲ.

"ಕಣ್ಣಲ್ಲಿ ಒಂದಿಷ್ಟೂ ದೋಷ ಇಲ್ಲಮ್ಮ," ಎಂದರು ಒಂದು ಸಂಜೆ, ಟಿವಿಯಿಂದ ಮುಖ ತಿರುಗಿಸದೆ. "ಅದೇ ತಲೆನೋವು. ದೋಷ ಇದ್ದಿದ್ರೆ ಒಂದು ಗಾಜು ಹಾಕಿ ಮುಗಿಸಿಬಿಡ್ತಿದ್ದೆ."

ನಾನು ಆಗಲೂ ಅದನ್ನು ಸಾಮಾನ್ಯ ಹೋಂವರ್ಕ್ ಎಂದೇ ತಿಳಿದಿದ್ದೆ. ನಿಜ ತಿಳಿದದ್ದು ಅಕ್ಕನ ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತ ದಿನ. ಹೊಸ ಟೀಚರಾದ ನಾನು ಮಕ್ಕಳ ಓದು ಕೇಳಬೇಕಿತ್ತು. ಅಕ್ಕನ ಕ್ಲಾಸಿನಲ್ಲಿ ಯಾರ ಸರದಿ ಯಾವಾಗ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕಿಟಕಿಯ ಪಕ್ಕದವನು ಒಂದು ಪ್ಯಾರಾ ಓದಿದರೆ ಮುಂದಿನದು ಬಾಗಿಲ ಹತ್ತಿರದವಳಿಗೆ. ಮಕ್ಕಳು ಮೈಯೆಲ್ಲ ಕಣ್ಣಾಗಿ ಪುಸ್ತಕ ಹಿಡಿದಿರುತ್ತಾರೆ. ಭೇಷ್ ಎಂದುಕೊಂಡೆ. ಪಿಟೀಲಿನ ಸರದಿ ಬಂತು. ನಿಂತಳು, ದನಿ ಏರಿಸಿ ಇಳಿಸಿ, ಕಥೆ ಹೇಳುವ ಹಾಗೆ ಓದಿದಳು. ಹಿಂದಿನ ಸಂಜೆ ಗೋಡೆಯಾಚೆ ಕೇಳಿದ ಪ್ಯಾರಾವೇ ಅದು.

ಓದು ಕಲಿಸುವವರು ಮಗುವಿನ ಬಾಯಿ ನೋಡುವುದಿಲ್ಲ, ಬೆರಳು ನೋಡುತ್ತಾರೆ. ಅವಳ ಬೆರಳು ಸಾಲಿನ ಕೊನೆ ಮುಟ್ಟಿದಾಗ ಬಾಯಿ ಇನ್ನೂ ಅರ್ಧ ದಾರಿಯಲ್ಲಿತ್ತು. ಮುಂದಿನ ಸಾಲಿನಲ್ಲಿ ಬಾಯಿ ಮುಂದೆ ಹೋಗಿತ್ತು, ಬೆರಳು ಹಿಂದೆ ಉಳಿದಿತ್ತು. ಪುಟ ತಿರುಗಿಸುವ ಕಡೆ ಬಂದಾಗ ಅವಳು ತಿರುಗಿಸಲೇ ಇಲ್ಲ, ಓದು ಮಾತ್ರ ನಿಲ್ಲಲಿಲ್ಲ. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು.

ಅವತ್ತು ಮನೆಗೆ ಬರುವಾಗ ದಾರಿಯಲ್ಲಿ ಆಟದ ಹಾಗೆ ಮಾಡಿ ಅವಳಿಂದ ಅಂಗಡಿ ಬೋರ್ಡುಗಳನ್ನು ಓದಿಸಿದೆ. ದಿನಾ ನೋಡುವ ಅಂಗಡಿಗಳನ್ನು ಪಟಪಟ ಹೇಳಿದಳು. ಹೊಸದಾಗಿ ತೆರೆದ ಒಂದು ಅಂಗಡಿಯ ಮುಂದೆ ನಿಂತು ಕೇಳಿದೆ. ಅವಳು ಬೋರ್ಡಿನ ಕಡೆ ನೋಡಲೇ ಇಲ್ಲ, ಒಳಗಿನ ಸಾಮಾನು ನೋಡಿದಳು.

"ಪಾತ್ರೆ ಅಂಗಡಿ," ಎಂದಳು.

"ಹಾಗಂತ ಬರೆದಿದೆಯಾ?"

"ಪಾತ್ರೆ ಇದೆಯಲ್ಲ ಚಿಕ್ಕಮ್ಮಾ, ಇನ್ನೇನು ಬರೆದಿರ್ತಾರೆ?" ಎಂದು ನನ್ನನ್ನೇ ದಡ್ಡಿ ಮಾಡಿ ಮುಂದೆ ಓಡಿದಳು. ನಕ್ಕೆ, ಆದರೆ ಆ ಬೋರ್ಡನ್ನು ಇನ್ನೊಮ್ಮೆ ತಿರುಗಿ ನೋಡಿದೆ. ಎಷ್ಟು ಜಾಣ ಹುಡುಗಿ, ಓದು ಬರುವುದಿಲ್ಲ ಎಂಬುದನ್ನು ಮುಚ್ಚಿಡುವುದಕ್ಕೇ ಅಷ್ಟೂ ಜಾಣತನ ಖರ್ಚಾಗುತ್ತಿತ್ತು.

ಅಕ್ಕ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ನಾನು ಎದುರು ಕೂತು ನೇರವಾಗಿಯೇ ಹೇಳಿದೆ.

"ಅಕ್ಕಾ, ಪಿಟೀಲು ಓದ್ತಿಲ್ಲ. ಬಾಯಿಪಾಠ ಒಪ್ಪಿಸ್ತಿದಾಳೆ."

"ಗೊತ್ತು," ಎಂದಳು. ಮಡಿಕೆ ಹಾಕುವ ಕೈ ನಿಲ್ಲಲಿಲ್ಲ. "ಮೊದಲು ಬಾಯಿಗೆ ಬರಲಿ, ಆಮೇಲೆ ಕಣ್ಣಿಗೆ ಬರುತ್ತೆ. ಎಲ್ಲರ ಮುಂದೆ ಒಂದು ಸಲ ತಡವರಿಸಿ ನಗೆಪಾಟಲಾದ್ರೆ ಅವಳು ಮತ್ತೆ ಬಾಯೇ ಬಿಡಲ್ಲ. ನೀನು ನೋಡಿಲ್ವಾ ಅಂಥ ಮಕ್ಕಳನ್ನ?"

ನೋಡಿದ್ದೆ. ಆ ಮಾತು ಸುಳ್ಳಲ್ಲ. ನನ್ನ ಕೋಣೆಯಲ್ಲೇ ಒಬ್ಬ ಹುಡುಗನಿದ್ದಾನೆ, ಪುಸ್ತಕ ತೆರೆದ ಕೂಡಲೇ ಕುತ್ತಿಗೆ ಒಳಗೆಳೆದುಕೊಳ್ಳುತ್ತಾನೆ.

"ಆದ್ರೂ ಇದು ಎಷ್ಟು ದಿನ ಅಂತ ನಡೆಯುತ್ತೆ? ನನ್ನ ಕೋಣೇಲಿ ಒಂದು ಕುರ್ಚಿ ಖಾಲಿ ಇದೆ. ಕಳಿಸು."

"ನನ್ನ ಮಗಳು ಮೆಟ್ಟಿಲ ಕೆಳಗೆ ಹೋಗಿ ಕೂತ್ಕೋಬೇಕಾ?" ಈಗ ಅವಳ ಕೈ ನಿಂತಿತು. "ಊರ ಮಕ್ಕಳಿಗೆಲ್ಲ ಓದಿಸಿದವಳು, ಹೆತ್ತ ಮಗಳಿಗೆ ಓದಿಸಕ್ಕಾಗದೆ ತಂಗಿ ಹತ್ತಿರ ಕಳಿಸಿದಳು ಅಂತಾರೆ. ಅಷ್ಟು ಆಗಬೇಕಾ ನಿಂಗೆ?"

"ಅಂದ್ಕೊಳ್ಲಿ ಬಿಡು. ಬರೋ ವರ್ಷ ಅವಳು ನಾಲ್ಕನೇ ಕ್ಲಾಸು. ಅಲ್ಲಿ ನೀನಿರಲ್ಲ. ನನ್ನ ಕೋಣೆಗೂ ಸೇರಿಸಲ್ಲ. ಆಗ ಹಿಂದಿನ ದಿನಾನೇ ಪುಟ ಹೇಳಿಕೊಡೋರು ಯಾರು?"

"ಆಗಿನದು ಆಗ. ನಿನ್ನೆ ಮೊನ್ನೆ ಬಂದವಳು ನನಗೆ ಪಾಠ ಹೇಳಬೇಡ. ನಿನಗೆ ಕಲಿಸಿದ್ದು ಯಾರು ಅಂತ ನೆನಪಿಟ್ಕೋ."

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿ ಪಾತ್ರೆ ತೊಳೆದೆ. ಸಿಟ್ಟು ಬಂದಾಗ ಪಾತ್ರೆ ತೊಳೆಯುವುದು ನನ್ನ ಹಳೆಯ ಚಾಳಿ. ಆ ಮನೆಯಲ್ಲಿ ಇದ್ದಷ್ಟು ದಿನ ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು.

ಮರುವಾರ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಬ್ಬೊಬ್ಬರಾಗಿ ನನ್ನ ಕೋಣೆಗೆ ಬಂದು, ಕ್ಲಾಸಿನಲ್ಲಿ ಇನ್ನೂ ಆಗದ ಒಂದು ಪುಟ ಓದಬೇಕಿತ್ತು. ಯಾರಿಗೆ ಸಹಾಯ ಬೇಕು ಎಂದು ಹಾಗೆಯೇ ಗೊತ್ತುಮಾಡುವುದು. ಅವತ್ತು ಬೆಳಿಗ್ಗೆ ಅಕ್ಕ ಮಗಳಿಗೆ ಜ್ವರ ಎಂದಳು.

"ಜ್ವರಾನಾ?" ಎಂದರು ಭಾವ. "ಈಗ ತಾನೆ ಮೆಟ್ಟಿಲ ಮೇಲೆ ಕುಣೀತಿದ್ಳು." ಆಮೇಲೆ ಅಕ್ಕನ ಮುಖ ನೋಡಿ, "ಹೂಂ, ಕಣ್ಣು ಸ್ವಲ್ಪ ಕೆಂಪಗಿದೆ," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೊರಟುಬಿಟ್ಟರು.

ಪಿಟೀಲು ಹಾಸಿಗೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಹಣೆ ಮುಟ್ಟಿದೆ, ತಣ್ಣಗಿತ್ತು. "ಚಿಕ್ಕಮ್ಮಾ, ನಂಗೆ ಜ್ವರ ಬಂದಿದೆ ಅಂತೆ," ಎಂದಳು. ಅವಳು ತಮಾಷೆಗೆ ಹೇಳಿದ್ದಲ್ಲ.

ಹೆಡ್ ಮಿಸ್ಸಿಗೆ ಹೇಳಿಬಿಡಬೇಕೆಂದು ಎರಡು ಸಲ ಅವರ ಬಾಗಿಲವರೆಗೆ ಹೋದೆ. ಹೇಳಿದರೆ ಅಕ್ಕನ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಹೇಳದಿದ್ದರೆ ಬೇಸಿಗೆ ರಜೆ ಮುಗಿದ ಕೂಡಲೇ ಆ ಹುಡುಗಿ ಬೇರೆ ಟೀಚರ್ ಮುಂದೆ, ಹೇಳಿಕೊಡದ ಪುಟದ ಮುಂದೆ, ಒಬ್ಬಳೇ ನಿಲ್ಲುತ್ತಾಳೆ. ಎರಡು ಸಲವೂ ವಾಪಸ್ ಬಂದೆ. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು.

ಹೇಳುವ ಪ್ರಸಂಗ ಬರಲಿಲ್ಲ. ಎರಡು ದಿನ ಬಿಟ್ಟು ಹೆಡ್ ಮಿಸ್ ತಾವಾಗಿಯೇ ನನ್ನನ್ನು ಕರೆದುಕೊಂಡು ಅಕ್ಕನ ಕ್ಲಾಸಿಗೆ ಬಂದರು. ಒಳ್ಳೆಯ ಹೆಂಗಸು, ನಗುನಗುತ್ತಲೇ ಕೆಲಸ ಮುಗಿಸುವವರು.

"ಇದೊಂದು ಮಗು ಉಳಿದಿತ್ತಲ್ಲ, ಜ್ವರ ಅಂತ. ಇಲ್ಲೇ ಓದಿಸಿ ಮುಗಿಸಿಬಿಡೋಣ. ಟೀಚರ್ ಮಗಳು, ಸುಮ್ನೆ ಲೆಕ್ಕಕ್ಕೆ."

"ಇಲ್ಲೇ ಓದಲಿ ಮಿಸ್, ಚೆನ್ನಾಗಿ ಓದ್ತಾಳೆ," ಎಂದಳು ಅಕ್ಕ. ಆಗಲೇ ಪುಸ್ತಕ ತೆರೆದಿದ್ದಳು. ಯಾವ ಪುಟ ಎಂದು ನನಗೆ ನೋಡಬೇಕಾಗಿರಲಿಲ್ಲ. ಬೆಕ್ಕು ಅಟ್ಟ ಹತ್ತಿದ ಪಾಠ. ಬೆಕ್ಕು ಅಟ್ಟದ ಮೇಲೆ ಕೂತಿದೆ, ಎಷ್ಟು ಕರೆದರೂ ಇಳಿಯುವುದಿಲ್ಲ, ಅಜ್ಜ ಏಣಿ ತರುತ್ತಾನೆ. ವಾರವಿಡೀ ಗೋಡೆಯಾಚೆಯಿಂದ ಕೇಳಿ ಕೇಳಿ ನನಗೇ ಬಾಯಿಪಾಠವಾಗಿತ್ತು.

"ಇರಿ ಇರಿ, ನೀವು ಕೊಡಬೇಡಿ," ಎಂದು ಹೆಡ್ ಮಿಸ್ ನಗುತ್ತ ಪುಸ್ತಕ ತೆಗೆದುಕೊಂಡರು. "ತಾಯಿ ಕೈ, ಸುಲಭದ ಪುಟಕ್ಕೇ ಹೋಗುತ್ತೆ." ಪುಸ್ತಕ ನನ್ನ ಕೈಗೆ ಬಂತು. "ನೀವು ಕೊಡಿ."

ಅಕ್ಕನೂ ನಕ್ಕಳು. ನಗುತ್ತಲೇ ನನ್ನ ಕಣ್ಣು ನೋಡಿದಳು. ಪುಟ ತೆರೆದೇ ಇತ್ತು. ನಾನು ಹಾಗೇ ಮುಂದೆ ಚಾಚಿದರೆ ಮುಗಿಯುತ್ತಿತ್ತು. ಅಕ್ಕನ ಹೆಸರು ಉಳಿಯುತ್ತಿತ್ತು, ಸಂಜೆ ಮನೆಯಲ್ಲಿ ಎಲ್ಲರೂ ಮಾತಾಡಿಕೊಂಡು ಊಟ ಮಾಡುತ್ತಿದ್ದೆವು. ಒಂದೇ ಒಂದು ಹಾಳೆ ತಿರುಗಿಸಿ ಪಿಟೀಲಿನ ಮುಂದೆ ಇಟ್ಟೆ. ಅವಳು 'ಗೊತ್ತಿಲ್ಲ' ಎಂದು ಒಂದು ಮಾತು ಹೇಳಿದರೆ ಸಾಕು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದುಕೊಂಡಿದ್ದೆ.

ಅವಳು ಹಾಗೆ ಹೇಳಲಿಲ್ಲ. ಪುಟ ನೋಡಿದಳು. ಅಮ್ಮನನ್ನು ನೋಡಿದಳು. ಆಮೇಲೆ ಬೆರಳಿಟ್ಟು, ಆ ಚೆಂದದ ದನಿಯಲ್ಲಿ ಶುರುಮಾಡಿದಳು. "ಬೆಕ್ಕು ಅಟ್ಟದ ಮೇಲೆ ಕೂತಿತ್ತು. ಎಷ್ಟು ಕರೆದರೂ ಕೆಳಗೆ ಇಳಿಯಲಿಲ್ಲ."

ಆ ಪುಟದ ಚಿತ್ರದಲ್ಲಿ ಬೆಕ್ಕು ನೆಲದ ಮೇಲೆ ಹಾಯಾಗಿ ಮಲಗಿತ್ತು. ಏಣಿ ಜಾರಿಬಿದ್ದು ಅಟ್ಟದ ಮೇಲೆ ಸಿಕ್ಕಿಹಾಕಿಕೊಂಡವನು ಅಜ್ಜ.

ಅವಳು ಓದುತ್ತಲೇ ಹೋದಳು. ಮಕ್ಕಳು ತಂತಮ್ಮ ಪುಸ್ತಕದ ಹಾಳೆ ತಿರುಗಿಸಿ ಹುಡುಕಿದರು. ಮುಂದಿನ ಬೆಂಚಿನ ಒಬ್ಬಳು, ಯಾವ ಕೆಟ್ಟ ಬುದ್ಧಿಯೂ ಇಲ್ಲದೆ, ಸಹಾಯ ಮಾಡುವವಳ ಹಾಗೆ ಹೇಳಿದಳು:

"ಟೀಚರ್, ಇಲ್ಲಿ ಬೆಕ್ಕು ಇಳಿದುಬಿಟ್ಟಿದೆ."

ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ. ಪಿಟೀಲು ನಿಲ್ಲಿಸಿದಳು. ಬೆರಳು ಪುಟದ ಮೇಲೆ ಅತ್ತಿತ್ತ ಓಡಾಡಿತು. ಕಿವಿಯ ತುದಿ ಕೆಂಪಾಯಿತು. ತಲೆ ಎತ್ತಿ, ನನ್ನನ್ನಲ್ಲ, ಹೆಡ್ ಮಿಸ್ಸನ್ನಲ್ಲ, ಕರಿಹಲಗೆಯ ಹತ್ತಿರ ನಿಂತವಳನ್ನು ಕರೆದಳು.

"ಅಮ್ಮಾ, ಈ ಪುಟ ನಾವು ಮನೇಲಿ ಮಾಡಿಲ್ಲ."

ಅಕ್ಕನ ಬಾಯಿಂದ ಮಾತು ತಾನಾಗಿಯೇ ಬಂತು. ಇಷ್ಟು ದಿನದ ರೂಢಿ ಅದು, ಅವಳು ಯೋಚಿಸಿ ಆಡಿದ್ದಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

"ಟೀಚರ್ ಅಂತ ಅನ್ನು."

ಪಿಟೀಲು ಬೆನ್ನು ನೆಟ್ಟಗೆ ಮಾಡಿ ನಿಂತಳು. ತಪ್ಪನ್ನು ತಿದ್ದಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ಇನ್ನೊಮ್ಮೆ ಹೇಳಿದಳು.

"ಟೀಚರ್, ಈ ಪುಟ ನಾವು ಮನೇಲಿ ಮಾಡಿಲ್ಲ."

ಹೆಡ್ ಮಿಸ್ ಬೈಯಲಿಲ್ಲ. ಪುಸ್ತಕ ಮುಚ್ಚಿ, ಅವಳ ತಲೆ ಸವರಿ, ನನ್ನ ಕಡೆ ತಿರುಗಿ "ನಾಳೆಯಿಂದ ನಿಮ್ಮ ಹತ್ತಿರ ಬರಲಿ" ಎಂದಷ್ಟೇ ಹೇಳಿ ಹೋದರು. ಬೈದಿದ್ದರೇ ಎಷ್ಟೋ ವಾಸಿಯಾಗಿತ್ತು. ಅಕ್ಕ ಕರಿಹಲಗೆಯ ಕಡೆ ತಿರುಗಿ, ಆಗಲೇ ಒರೆಸಿದ್ದ ಹಲಗೆಯನ್ನು ಮತ್ತೆ ಒರೆಸತೊಡಗಿದಳು.

ಸಂಜೆ ಒಳಕೋಣೆಯ ಬಾಗಿಲು ಮುಚ್ಚಲಿಲ್ಲ. ಭಾವ ರೂಢಿಯಂತೆ ಟಿವಿಯ ದನಿ ಏರಿಸಿದರು, ಗೋಡೆಯಾಚೆ ಏನೂ ಕೇಳದಿದ್ದಾಗ ಗಾಬರಿಯಾಗಿ ಆರಿಸಿಬಿಟ್ಟರು. ಅಕ್ಕ ನನ್ನ ತಟ್ಟೆ ತಂದು ಮುಂದಿಟ್ಟಳು, ನನ್ನ ಮುಖ ನೋಡಲಿಲ್ಲ. ನಾನು ಪಾತ್ರೆ ತೊಳೆಯಲು ಎದ್ದಾಗ ಅವಳೂ ಅಡುಗೆಮನೆಗೆ ಬಂದಳು.

"ಬೇಕಂತಲೇ ತಿರುಗಿಸಿದೆ ಅಲ್ವಾ?"

"ಹೌದು."

ಬೈಯುತ್ತಾಳೆ, ಮನೆ ಬಿಟ್ಟು ಹೋಗು ಎನ್ನುತ್ತಾಳೆ ಎಂದು ಕಾದೆ. ಅವಳು ನೆಲ ನೋಡುತ್ತ ನಿಂತಿದ್ದಳು.

"ನಿನಗೆ ಕಲಿಸಿದೆ," ಎಂದಳು. "ಎಷ್ಟು ಮಕ್ಕಳಿಗೆ ಕಲಿಸಿದೆ. ಇವಳಿಗೆ ಮಾತ್ರ ಯಾಕೆ ನನ್ನಿಂದ ಆಗ್ಲಿಲ್ಲ? ದಿನಾ ಹೆದರ್ಕೊಂಡೇ ಒಳಗೆ ಕರ್ಕೊಂಡು ಹೋಗ್ತಿದ್ದೆ ಕಣೇ. ಅವಳಿಗಿಂತ ನನಗೇ ಜಾಸ್ತಿ ಹೆದರಿಕೆ."

ಕೈಯೆಲ್ಲ ಸೋಪಿನ ನೊರೆ, ಅವಳನ್ನು ಹಿಡಿದುಕೊಳ್ಳಲೂ ಆಗಲಿಲ್ಲ. ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಅದಾದ ಮೇಲೆ ನಾವು ಮಾತಾಡಿದ್ದು ಉಪ್ಪು, ಬೀಗದ ಕೈ, ಗ್ಯಾಸು, ಇಷ್ಟೇ. ನಾನು ಬೇರೆ ಕಡೆ ಜಾಗ ನೋಡುವುದನ್ನು ಚುರುಕು ಮಾಡಿದೆ.

ಮರುದಿನ ಪಿಟೀಲು ಒಬ್ಬಳೇ ಅಂಗಳ ದಾಟಿ ಬಂದಳು. ಬಾಗಿಲಲ್ಲಿ ನಿಂತು ಕೋಣೆಯನ್ನೆಲ್ಲ ನೋಡಿದಳು. ಉಳಿದ ಮಕ್ಕಳು ಇನ್ನೂ ಬಂದಿರಲಿಲ್ಲ. ಆಚೆ ಅಕ್ಕನ ಕ್ಲಾಸಿನಲ್ಲಿ ಮಕ್ಕಳು ಒಟ್ಟಿಗೆ ಓದುತ್ತಿದ್ದ ದನಿ ಕಿಟಕಿಯಿಂದ ಬರುತ್ತಿತ್ತು.

"ಕೂತ್ಕೋ," ಎಂದೆ.

ಅವಳು ಕೂರಲಿಲ್ಲ. "ಇಲ್ಲಿ ನಿನ್ನ ಏನಂತ ಕರೀಬೇಕು?"

"ಚಿಕ್ಕಮ್ಮ ಅಂತಲೇ ಕರಿ."

ಅವಳು ಅಂಗಳದ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದಳು. "ಹಾಗಾದ್ರೆ ತಪ್ಪು ಓದಬಹುದಾ?"

"ಓದಬಹುದು."

ಬಂದು ಖಾಲಿ ಕುರ್ಚಿಯಲ್ಲಿ ಕೂತಳು. ನಾನು ಅದೇ ಪುಸ್ತಕ ತೆರೆದೆ. ಅಟ್ಟದ ಮೇಲಿನ ಅಜ್ಜನನ್ನು ಅವಳು ಈಗ ಮೊದಲ ಸಲ ಸರಿಯಾಗಿ ನೋಡಿದಳು.

"ಅಜ್ಜ ಹೆಂಗೆ ಇಳಿದ?"

"ನಾನು ಹೇಳಲ್ಲ. ಅಲ್ಲೇ ಬರೆದಿದೆ."

ಮೊದಲ ಪದದ ಮೇಲೆ ಬೆರಳಿಟ್ಟಳು. ತಪ್ಪು ಓದಿದಳು. ನನ್ನ ಮುಖ ನೋಡಿದಳು, ಮತ್ತೆ ಓದಿದಳು, ಮತ್ತೆ ತಪ್ಪಿತು. ಕಿಟಕಿಯಾಚೆಯ ಓದು ಇದ್ದಕ್ಕಿದ್ದಂತೆ ನಿಂತಿತು. ಅಕ್ಕ ತನ್ನ ಕ್ಲಾಸಿನ ಬಾಗಿಲಿಗೆ ಬಂದು ಈ ಕಡೆಗೇ ನೋಡುತ್ತ ನಿಂತಿದ್ದಳು. ಅಮ್ಮ ನೋಡುತ್ತಿದ್ದಾಳೆ ಎಂದು ನಾನು ಪಿಟೀಲಿಗೆ ಹೇಳಲಿಲ್ಲ. ಅವಳಿಗೆ ಪದ ಇನ್ನೂ ಬಂದಿರಲಿಲ್ಲ. ಆದರೆ ಬೆರಳು ಆ ಒಂದು ಪದವನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ.